ಕುಮಟಾದಿಂದ ಅಘನಾಶಿನಿಗೆ: ಒಂಟಿ ಕಡಲ ನಡಿಗೆಯ ಮೊದಲ ದಿನ

ಕುಮಟಾದಿಂದ ಗೋಕರ್ಣಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅದನ್ನೇ ಕಡಲಂಚು ಹಿಡಿದು ನಡೆದು ಮುಗಿಸುವ ಹುರುಪಿನವರು ಈಚೆಗೆ ಹೆಚ್ಚಾಗಿದ್ದಾರೆ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ಆದ ಮೇಲೆ ಅಘನಾಶಿನಿ ನದಿ. ದೋಣಿಯಲ್ಲಿ ಆಚೆ ದಡದ ತದಡಿಗೆ. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಮಹಾಬಲೇಶ್ವರನ ಊರು. ಸುತ್ತುಬಳಸು ಸೇರಿ 25 ಕಿಲೋಮೀಟರಿನ ಆಸುಪಾಸು. ಎರಡು ದಿನ ಸಾಕು. ಗುಂಪಿನಲ್ಲಿ ಹೋದರೆ ಮುಂದೊಬ್ಬ ಗೈಡ್ ಇರುತ್ತಾನೆ, ಹೊತ್ತುಗೊತ್ತು ನೋಡಿಕೊಳ್ಳುವುದು ಅವನ ಪಾಡು. ಒಬ್ಬರೇ ಹೊರಟವರು ಅದನ್ನೂ ತಾವೇ ಹೊರಬೇಕು. ಅದರಲ್ಲೂ ಮೊದಲ ದಿನ. ಮೈ ಇನ್ನೂ ಮರಳಿಗೆ ಒಗ್ಗಿರುವುದಿಲ್ಲ, ಚೀಲ ತುಂಬಿರುತ್ತದೆ, ಉತ್ಸಾಹವಂತೂ ಅಳತೆ ಮೀರಿರುತ್ತದೆ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಗುಡ್ಡ ಹತ್ತಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನೆಲ್ಲ ಆ ದಿನ ತೀರ್ಮಾನಿಸುವುದು ಕಡಲು. ಅದರ ಲೆಕ್ಕ ಗೊತ್ತಿದ್ದರೆ ಉಳಿದದ್ದು ಸಲೀಸು.

ಲೆಕ್ಕ ಶುರುವಾಗುವುದು ಗೋಡೆಯ ಮೇಲಿನ ಕ್ಯಾಲೆಂಡರಿನಿಂದ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಚಂದ್ರ ದಿನದಿಂದ ದಿನಕ್ಕೆ ತಡವಾಗಿ ಹುಟ್ಟುವ ಹಾಗೆ ಉಬ್ಬರವೂ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಕಾರವಾರ, ಕುಮಟಾ ಬದಿಯಲ್ಲಿ ದೊಡ್ಡ ದಿನಗಳ ಏರಿಳಿತ ಒಂದೂವರೆಯಿಂದ ಎರಡು ಮೀಟರಿನೊಳಗೆ ಇರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದು 10 ಮೀಟರ್ ಮುಟ್ಟುವುದುಂಟು. ಅದರ ಮುಂದೆ ನಮ್ಮದು ಯಾವ ಲೆಕ್ಕ ಅನ್ನಿಸಬಹುದು. ಆದರೆ ನಡೆಯುವವನಿಗೆ ಎತ್ತರಕ್ಕಿಂತ ಅಗಲ ಮುಖ್ಯ. 30 ಅಡಿ ನಡೆದರೆ 1 ಅಡಿ ಇಳಿಯುವಷ್ಟು ಚಪ್ಪಟೆಯಾದ ತೀರದಲ್ಲಿ ನೀರು ಮುಕ್ಕಾಲು ಮೀಟರ್ ಮೇಲೆ ಬಂದರೆ 20 ಮೀಟರಿಗೂ ಹೆಚ್ಚು ಅಗಲದ ದಾರಿ ಮುಳುಗುತ್ತದೆ.

ತಿಥಿ ನೋಡಿ ಉಬ್ಬರದ ಹೊತ್ತು ಹೇಳುವ ಬಾಯಿಲೆಕ್ಕವೊಂದು ಮಹಾರಾಷ್ಟ್ರದ ಕೊಂಕಣದಲ್ಲಿ ರೂಢಿಯಲ್ಲಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ತೆಗೆದರೆ ಬಂದದ್ದೇ ಉಬ್ಬರದ ಗಂಟೆ. ಚೌತಿಯಾದರೆ 4ರ ಮುಕ್ಕಾಲು 3. ಮಧ್ಯಾಹ್ನ 3ಕ್ಕೆ ಒಂದು, ಬೆಳಗಿನ ಜಾವ 3ರ ಆಸುಪಾಸಿಗೆ ಇನ್ನೊಂದು. ಇದು ಮುಂಬೈ ಕಡೆಯ ಲೆಕ್ಕ. ಉಬ್ಬರದ ಅಲೆ ಪಶ್ಚಿಮ ಕರಾವಳಿಯಲ್ಲಿ ತೆಂಕಣದಿಂದ ಬಡಗಣಕ್ಕೆ ಸಾಗುವುದರಿಂದ ಕುಮಟಾದಲ್ಲಿ ನೀರು ಅದಕ್ಕಿಂತ ಸ್ವಲ್ಪ ಮೊದಲೇ ತುಂಬುತ್ತದೆ. ದಿನದ ಎರಡು ಉಬ್ಬರಗಳೂ ಒಂದೇ ಎತ್ತರದವಲ್ಲ, ಇಳಿತಗಳೂ ಹಾಗೆಯೇ. ಆದ್ದರಿಂದ ಬಾಯಿಲೆಕ್ಕ ತಾರೀಖು ಆರಿಸುವುದಕ್ಕೆ. ಹೊರಡುವ ವಾರದಲ್ಲಿ ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತದ ಪಟ್ಟಿಯನ್ನೋ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಮುನ್ಸೂಚನೆಯನ್ನೋ ನೋಡಿ ನಿಮಿಷದ ಮಟ್ಟಿಗೆ ಖಚಿತ ಮಾಡಿಕೊಳ್ಳಬೇಕು.

ನನ್ನನ್ನು ಕೇಳಿದರೆ ದಶಮಿ, ಏಕಾದಶಿಗಳೇ ಒಳ್ಳೆಯವು. ಬೆಳಿಗ್ಗೆ 7ರ ಸುಮಾರಿಗೆ ನೀರು ತುಂಬಿ, ನೀವು ಹೊರಡುವಾಗ ಇಳಿಯತೊಡಗಿ, ಮಧ್ಯಾಹ್ನ 1ರ ಹೊತ್ತಿಗೆ ತಳ ಮುಟ್ಟುತ್ತದೆ. ಬೆಳಗಿನ ನಡಿಗೆಯಷ್ಟೂ ನೀರು ಹಿಂದೆ ಸರಿಯುತ್ತಲೇ ಇರುತ್ತದೆ. ಒಂದು ಕಡೆ ತಡವಾದರೂ ದಾರಿ ಅಗಲವಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಹುಣ್ಣಿಮೆಯ ಬೆಳುದಿಂಗಳಿಗೆ ಆಸೆಪಟ್ಟು ಹೋಗುವವರಿಗೆ ಇದು ತಿರುಗುಮುರುಗು. ಉಬ್ಬರ ಬೆಳಿಗ್ಗೆ 11ರ ಸುಮಾರಿಗೆ ಬರುತ್ತದೆ, ಎಂದರೆ ಕಡಲಿಗೆ ಚಾಚಿದ ಕೋಡುಗಲ್ಲುಗಳನ್ನು ಬಳಸಿ ಹೋಗಬೇಕಾದ ಹೊತ್ತಿಗೇ ನೀರು ಬಂಡೆಯ ಬುಡದಲ್ಲಿ.

ತಿಂಗಳ ವಿಷಯಕ್ಕೆ ಹೆಚ್ಚು ಮಾತು ಬೇಡ: ನವೆಂಬರಿನಿಂದ ಫೆಬ್ರುವರಿ. ಮಳೆಗಾಲದ ತೆರೆಗಳು ತೀರದ ಮರಳನ್ನು ಕೆರೆದು ಒಳಗೆ ಒಯ್ಯುತ್ತವೆ, ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದನ್ನು ನಿಧಾನ ಹಿಂದಕ್ಕೆ ತಂದು ಹಾಕುತ್ತವೆ. ಜನವರಿಯಲ್ಲಿ ಅಂಗಳದಂತಿರುವ ತೀರ ಜುಲೈಯಲ್ಲಿ ಬರೀ ಕಲ್ಲು. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದು ಮೀನಿನ ಸಂತಾನಕ್ಕಾಗಿ ನಿಜ, ಆದರೆ ಆ ಕಾಲದ ಕಡಲು ಎಂಥದೆಂದು ತಿಳಿಯಲೂ ಅಷ್ಟು ಸಾಕು. ಏಪ್ರಿಲ್, ಮೇಯಲ್ಲಿ ಸೆಕೆಯ ಜೊತೆಗೆ ಇನ್ನೊಂದು ತೊಡಕಿದೆ. ದೂರದ ದಕ್ಷಿಣ ಸಾಗರದಲ್ಲೆದ್ದ ಬಿರುಗಾಳಿಯ ತೆರೆ ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುತ್ತದೆ. ಕೇರಳದವರು ಕಳ್ಳಕಡಲು ಎನ್ನುವುದು ಇದನ್ನೇ. ಇನ್‌ಕಾಯಿಸ್ ಇದಕ್ಕೂ ಎಚ್ಚರಿಕೆ ಹೊರಡಿಸುತ್ತದೆ.

ಇನ್ನು ಕಾಲಿನ ಮಾತು. ರಸ್ತೆಯಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯುವವರು ಇಲ್ಲಿ ಎರಡು, ಎರಡೂವರೆಯ ಲೆಕ್ಕ ಹಿಡಿಯಬೇಕು. ಒಣ ಮರಳಿನಲ್ಲಿ ನಡೆಯಲು ಗಟ್ಟಿನೆಲದ ಮೇಲೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದು ತೋರಿಸಿದರು. ಊರಿದ ಪಾದ ಕುಸಿಯುತ್ತದೆ, ಒದ್ದ ಬಲದಲ್ಲಿ ಒಂದಷ್ಟು ಮರಳು ಸರಿಸುವುದಕ್ಕೇ ಹೋಗುತ್ತದೆ. ಒದ್ದೆ ಮರಳಿನಲ್ಲಿ ಹಾಗಲ್ಲ. ಕಣಕಣಗಳ ನಡುವೆ ನಿಂತ ತೆಳು ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ನೀರು ಇನ್ನೂ ಹೆಚ್ಚಾಗಿ ಸಂದೆಲ್ಲ ತುಂಬಿಬಿಟ್ಟರೆ ಆ ಹಿಡಿತ ತಪ್ಪಿ ಮರಳು ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ನಡೆಯಬೇಕಾದ ಪಟ್ಟಿ ತೆರೆ ಈಗ ಮುಟ್ಟುತ್ತಿರುವ ಜಾಗಕ್ಕಿಂತ ತುಸು ಮೇಲೆ, ಸ್ವಲ್ಪ ಹೊತ್ತಿನ ಹಿಂದೆ ಮುಟ್ಟಿಹೋದ ಜಾಗದಲ್ಲಿ ಇರುತ್ತದೆ. ಕಾಲಿಟ್ಟಾಗ ಹೆಜ್ಜೆಯ ಸುತ್ತ ಮರಳು ಕ್ಷಣಕಾಲ ಬಿಳಿಚಿ ಒಣಗಿದಂತೆ ಕಂಡರೆ ನೆಲ ಗಟ್ಟಿ ಎಂದೇ ಅರ್ಥ. ಹೆಜ್ಜೆಗುರುತಿನಲ್ಲಿ ನೀರು ಜಿನುಗಿದರೆ ಎರಡು ಮಾರು ಮೇಲಕ್ಕೆ ಸರಿಯಿರಿ.

ತೀರ ನೀರಿನ ಕಡೆಗೆ ವಾಲಿರುವುದೂ ಲೆಕ್ಕಕ್ಕೆ ಬರುತ್ತದೆ. ಕುಮಟಾದಿಂದ ಉತ್ತರಕ್ಕೆ ಹೊರಟರೆ ಕಡಲು ಇಡೀ ದಿನ ಎಡಕ್ಕೆ. ಎಡಗಾಲು ಸದಾ ಒಂದಂಗುಲ ತಗ್ಗಿನಲ್ಲೇ ಊರುವುದರಿಂದ ಸಂಜೆಗೆ ಸೊಂಟದ ಒಂದು ಬದಿ ಮಾತ್ರ ನೋಯುತ್ತದೆ. ನಡುನಡುವೆ ಮೇಲಿನ ಸಮತಟ್ಟಿಗೆ ಹತ್ತಿ ನಡೆಯುವುದು, ಮೆದು ಮರಳಾದರೂ, ಲಾಭವೇ. ಬರಿಗಾಲಿನಲ್ಲಿ ನಡೆಯುವ ಸುಖಕ್ಕೆ ಮೊದಲ ದಿನವೇ ಮರುಳಾಗಬೇಡಿ: ಮರಳು ಉಪ್ಪುಕಾಗದದಂತೆ ಚರ್ಮ ಉಜ್ಜುತ್ತದೆ, ಮಧ್ಯಾಹ್ನ ಕಾದಿರುತ್ತದೆ, ಬಲೆಯ ತುಂಡು, ಗಾಜು, ಗಾಳ ಏನು ಬೇಕಾದರೂ ಇರಬಹುದು. ಬೇಗ ಒಣಗುವ ಹಗುರ ಶೂ, ಹತ್ತಿಯದಲ್ಲದ ಸಾಕ್ಸ್ ಎರಡು ಜೊತೆ. ಮರಳು ಹೊಕ್ಕಿತೆಂದು ಅನ್ನಿಸಿದ ತಕ್ಷಣ ಕೂತು ಕೊಡವಬೇಕು. ಮುಂದಿನ ಊರಲ್ಲಿ ನೋಡಿದರಾಯಿತು ಎಂದವರ ಹಿಮ್ಮಡಿಯಲ್ಲಿ ಬೊಕ್ಕೆ ಗ್ಯಾರಂಟಿ.

ಮೊದಲ ದಿನದ ನಿಜವಾದ ಪರೀಕ್ಷೆ ಇರುವುದು ಮರಳಿನಲ್ಲಲ್ಲ, ಎರಡು ತೀರಗಳ ನಡುವಿನ ಗುಡ್ಡಗಳಲ್ಲಿ. ಉಡುಪಿ, ಮಂಗಳೂರಿನ ಕಡೆ ಮೈಲುಗಟ್ಟಲೆ ಒಂದೇ ನೇರ ಮರಳದಂಡೆ ಸಿಗುತ್ತದೆ. ಉತ್ತರ ಕನ್ನಡದಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿಗೇ ಬಂದು ಮೂಗು ಚಾಚಿವೆ. ಗಟ್ಟಿ ಕಲ್ಲಿನ ಕೋಡು ಉಳಿದು, ನಡುವಿನ ತಗ್ಗುಗಳಲ್ಲಿ ಮರಳು ತುಂಬಿ ಒಂದೊಂದು ಪುಟ್ಟ ತೀರವಾಗಿದೆ. ದೂರದಿಂದ ಬಂದ ತೆರೆ ಆಳ ಕಡಿಮೆಯಾದಲ್ಲಿ ನಿಧಾನವಾಗಿ ಬಾಗುತ್ತದೆ. ಬಾಗಿ ಬಾಗಿ ಅದರ ಬಲವೆಲ್ಲ ಕೋಡಿನ ಸುತ್ತ ಸೇರಿಕೊಳ್ಳುತ್ತದೆ. ಒಳಗಿನ ತೀರದಲ್ಲಿ ಮಕ್ಕಳು ಆಡುವಷ್ಟು ಶಾಂತವಾಗಿರುವ ನೀರು ಇನ್ನೂರು ಮೀಟರ್ ಆಚೆಯ ಬಂಡೆಯಲ್ಲಿ ಆಳೆತ್ತರ ಚಿಮ್ಮುವುದು ಇದರಿಂದಲೇ.

ಇಲ್ಲಿ ದಾರಿ ಎರಡು: ಗುಡ್ಡದ ನೆತ್ತಿ ಹತ್ತಿ ಇಳಿಯುವುದು, ಇಲ್ಲವೇ ಬುಡದ ಬಂಡೆಗಳ ಮೇಲೆ ಬಳಸುವುದು. ಒಬ್ಬರೇ ಇದ್ದಾಗ ನನ್ನ ಮತ ಯಾವಾಗಲೂ ನೆತ್ತಿಗೇ. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು, ಬೆವರು ಸುರಿಯಬಹುದು. ಆದರೆ ಜಾರಿದರೆ ಬೀಳುವುದು ನೆಲಕ್ಕೆ. ಹೆಚ್ಚಿನ ಗುಡ್ಡಗಳಲ್ಲಿ ದನದ ಹಾದಿಯೋ ಸೊಪ್ಪು ಸೌದೆಗೆ ಹೋಗುವವರ ಕಾಲುದಾರಿಯೋ ಇದ್ದೇ ಇರುತ್ತದೆ. ತೀರದ ಕೊನೆಯ ಮನೆಯವರನ್ನು ಕೇಳಿದರೆ ಕೈ ಎತ್ತಿ ತೋರಿಸುತ್ತಾರೆ. ಡಿಸೆಂಬರ್ ಕಳೆದರೆ ಮೇಲಿನ ಹುಲ್ಲೆಲ್ಲ ಒಣ ಕರಡವಾಗಿ ಎಣ್ಣೆ ಹಚ್ಚಿದಂತೆ ಜಾರುತ್ತದೆ, ಜಂಬಿಟ್ಟಿಗೆಯ ಪುಡಿಗಲ್ಲು ಉರುಳುತ್ತದೆ. ಇಳಿಯುವಾಗ ಕೈಯಲ್ಲೊಂದು ಕೋಲಿರಲಿ.

ಬುಡದಲ್ಲೇ ಹೋಗುತ್ತೇನೆ ಎನ್ನುವವರು ಮೊದಲು ಬಂಡೆಯ ಬಣ್ಣ ಓದಲು ಕಲಿಯಬೇಕು. ತೀರಾ ಕೆಳಗೆ ಹಸಿರು ಹಾವಸೆ; ಅಲ್ಲಿ ಯಾವ ಶೂ ಹಾಕಿದರೂ ಜಾರುತ್ತದೆ. ಅದರ ಮೇಲೆ ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳ ಒರಟು ಪಟ್ಟಿ. ಕಾಲಿಗೆ ಹಿಡಿತ ಸಿಗುತ್ತದೆ, ಆದರೆ ಅಂಗೈ ಊರಿದರೆ ಬ್ಲೇಡಿನಂತೆ ಕೊಯ್ಯುತ್ತದೆ. ಅದಕ್ಕೂ ಮೇಲೆ ಕಪ್ಪಗಿನ ಪಟ್ಟಿ, ಕೊನೆಗೆ ಒಣಗಿದ ತಿಳಿಬಣ್ಣದ ಕಲ್ಲು. ಚಿಪ್ಪಿನ ಪಟ್ಟಿಯ ಮೇಲಂಚಿನವರೆಗೆ ನೀರು ದಿನವೂ ಬಂದು ಹೋಗುತ್ತದೆ ಎಂದುಕೊಳ್ಳಿ. ನೀವು ಹೋಗಬೇಕಾದ ದಾರಿ ಆ ಅಂಚಿಗಿಂತ ಕೆಳಗಿದ್ದರೆ ಅದು ಇಳಿತಕ್ಕೆ ಮಾತ್ರ ತೆರೆದಿರುವ ಬಾಗಿಲು. ಕಾಲಿಡುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂತು ನೋಡಬೇಕು. ತೆರೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣವು ಹಲವು ಬಂದ ಮೇಲೆ ದೊಡ್ಡವು ಮೂರೋ ನಾಲ್ಕೋ ಸಾಲಾಗಿ ಬರುತ್ತವೆ. ಎರಡು ನಿಮಿಷ ನೋಡಿ ಹೊರಟವರು ದೊಡ್ಡದನ್ನು ನೋಡಿಯೇ ಇರುವುದಿಲ್ಲ.

ಹೊತ್ತಿನ ಲೆಕ್ಕಕ್ಕೆ ನಾವಿಕರ ಹನ್ನೆರಡರ ಸೂತ್ರ ಉಪಯೋಗಕ್ಕೆ ಬರುತ್ತದೆ. ಇಳಿತದಿಂದ ಉಬ್ಬರಕ್ಕೆ ಆರು ತಾಸು ಹಿಡಿದರೆ, ಮೊದಲ ತಾಸಿನಲ್ಲಿ ಏರುವುದು ಒಟ್ಟು ಏರಿಕೆಯ ಹನ್ನೆರಡನೆಯ ಒಂದು ಪಾಲು ಮಾತ್ರ. ಎರಡನೆಯ ತಾಸಿನಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯ ತಾಸುಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಕೊನೆಯದರಲ್ಲಿ ಒಂದು. ಒಟ್ಟು ಏರಿಕೆ ಒಂದೂವರೆ ಮೀಟರಾದರೆ ಮೊದಲ ತಾಸಿನಲ್ಲಿ ಬರುವುದು ಒಂದು ಗೇಣಿಗೂ ಕಡಿಮೆ. ನಡುವಿನ ಎರಡು ತಾಸಿನಲ್ಲಿ ಮುಕ್ಕಾಲು ಮೀಟರ್. ಇಳಿತ ಮುಗಿದು ಒಂದು ತಾಸು ಕಳೆದರೂ ನೀರು ಅಲ್ಲೇ ಇದೆಯಲ್ಲ ಎಂದು ಬಂಡೆಯ ಮೇಲೆ ಫೋಟೋಕ್ಕೆ ಕೂತವರು ಹೊರಡುವ ಹೊತ್ತಿಗೆ ಹಿಂದಿನ ದಾರಿಯೂ ಇರುವುದಿಲ್ಲ, ಮುಂದಿನದೂ ಇರುವುದಿಲ್ಲ. ಕೋಡು ಬಳಸಬೇಕಾದರೆ ಇಳಿತ ಮುಟ್ಟುವ ಒಂದು ತಾಸು ಮೊದಲೇ ಹೊರಟು, ಇಳಿತದ ಹೊತ್ತಿಗೆ ಆಚೆ ಇರಬೇಕು.

ದಾರಿ ಕೇಳುವಾಗ ಒಂದು ಎಚ್ಚರ: ಕುಮಟಾದ ಬಳಿಯದು ಕಡ್ಲೆ, ಗೋಕರ್ಣದ ಬಳಿಯದು ಕುಡ್ಲೆ. ಉಚ್ಚಾರ ಸ್ವಲ್ಪ ಜಾರಿದರೂ ಪಾಪ, ಊರವರು ನಿಮ್ಮನ್ನು ಬಸ್‌ಸ್ಟ್ಯಾಂಡಿನ ಕಡೆ ಕಳಿಸುತ್ತಾರೆ.

ಬಿಸಿಲು ಮೋಸ ಮಾಡುವುದು ಗಾಳಿಯ ಜೊತೆ ಸೇರಿ. ಬೆಳಿಗ್ಗೆ ನೆಲ ಕಾದು ಅದರ ಮೇಲಿನ ಗಾಳಿ ಏರತೊಡಗಿದಂತೆ, ಹತ್ತು ಹನ್ನೊಂದರ ಹೊತ್ತಿಗೆ ಕಡಲಿನಿಂದ ತಂಗಾಳಿ ಬೀಸಲಾರಂಭಿಸುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರಾಗುತ್ತದೆ. ಉತ್ತರಕ್ಕೆ ನಡೆಯುವವರ ಮುಖಕ್ಕೇ ಹೊಡೆಯುವ ಈ ಗಾಳಿಯಲ್ಲಿ ಸೆಕೆ ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಸುಡುತ್ತಿರುತ್ತದೆ, ಮೈಯ ನೀರು ಹೋಗುತ್ತಿರುತ್ತದೆ. ಎರಡು ಲೀಟರ್ ಹೊತ್ತು ಹೊರಟು, ದಾರಿಯ ಪ್ರತಿ ಊರಿನಲ್ಲೂ ತುಂಬಿಸಿಕೊಳ್ಳುವುದು ಲೇಸು. ದಿನಕ್ಕೆ ಮೂರೂವರೆ, ನಾಲ್ಕು ಲೀಟರ್ ಬೇಕಾಗುತ್ತದೆ. ಬರೀ ನೀರು ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಒಳಗೆ ಹೋಗಬೇಕು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸೀಯಾಳ ಸಿಕ್ಕಲ್ಲಿ ಬಿಡಬೇಡಿ. ಮೂತ್ರ ಗಾಢ ಹಳದಿಯಾಯಿತೆಂದರೆ ಆಗಲೇ ತಡವಾಗಿದೆ. ನೆರಳು ಹುಡುಕಿ ಕೂರಬೇಕು. 12ರಿಂದ 2ರವರೆಗೆ ಗಾಳಿಮರದ ತೋಪಿನಲ್ಲಿ ಮಲಗುವವನೇ ಜಾಣ, ಆ ಹೊತ್ತು ಇಳಿತದ ಕೋಡಿಗೆ ಮೀಸಲಾಗಿಲ್ಲದಿದ್ದರೆ.

ಚೀಲ ಎಂಟು ಕಿಲೋ ಮೀರದಿರಲಿ. ಉಳಿದ ಸಾಮಾನಿನ ಪಟ್ಟಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬಿಡುವುದು ಎರಡು: ಫೋನು, ದುಡ್ಡು, ಗುರುತಿನ ಚೀಟಿಗೆ ನೀರು ಹೊಗದ ಚೀಲ, ಮತ್ತು ಸಣ್ಣ ನೋಟುಗಳು. ದೋಣಿಯಲ್ಲಿ, ತೀರದ ಗೂಡಂಗಡಿಯಲ್ಲಿ ಸಿಗ್ನಲ್ ಇಲ್ಲದ ಫೋನಿನಿಂದ ದುಡ್ಡು ಕೊಡಲಾಗದು.

ಸಿಗ್ನಲ್ಲಿನ ಮಾತು ಬಂತಲ್ಲ. ಗುಡ್ಡದ ನೆತ್ತಿಯಲ್ಲಿ ಚೆನ್ನಾಗಿ ಸಿಗುವ ನೆಟ್‌ವರ್ಕ್ ಅದರ ಬುಡದ ತೀರದಲ್ಲಿ ಸತ್ತುಹೋಗುತ್ತದೆ. ಟವರಿಗೂ ನಿಮಗೂ ನಡುವೆ ಗುಡ್ಡವೇ ಅಡ್ಡ. ಆದ್ದರಿಂದ ಮನೆಯವರಿಗೆ ಸಂದೇಶ ಕಳಿಸುವ ಜಾಗ ನೆತ್ತಿ. 'ಕಡ್ಲೆ ದಾಟಿದೆ, ಮುಂದಿನ ಸಂದೇಶ 3 ಗಂಟೆಯೊಳಗೆ' ಎಂದು ಬರೆಯಬೇಕು. ಎಲ್ಲಿದ್ದೇನೆ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಸುದ್ದಿ ಬಾರದಿದ್ದರೆ ಗಾಬರಿಯಾಗಬೇಕು ಎನ್ನುವುದು ಅವರಿಗೆ ತಿಳಿದಿರಬೇಕು. ತುರ್ತಿಗೆ 112; ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡಿನದು 1554. ಊರ ರಸ್ತೆ ಇಲ್ಲಿ ತೀರದಿಂದ ಬಹಳ ದೂರವೇನೂ ಇಲ್ಲ. ಕಾಲು ಉಳುಕಿದರೆ, ಮನಸ್ಸು ಬದಲಾದರೆ ಒಳಗೆ ನಡೆದು ಕುಮಟಾ ಬಸ್ಸನ್ನೋ ರಿಕ್ಷಾವನ್ನೋ ಹಿಡಿಯಬಹುದು. ಹೊಸಬರ ಮೊದಲ ಒಂಟಿ ನಡಿಗೆಗೆ ಈ ದಾರಿಯನ್ನು ನಾನು ಹೇಳುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ತೀರ ಊರವರ ಕೆಲಸದ ಜಾಗವೂ ಹೌದು. ಬಲೆ ಹರಡಿದ್ದರೆ, ಮೀನು ಒಣಗಲು ಹಾಕಿದ್ದರೆ ಸುತ್ತಿ ಹೋಗಬೇಕು. ಎಳೆಯುತ್ತಿರುವ ಹಗ್ಗವನ್ನು ದಾಟಬಾರದು. "ಈ ಗುಡ್ಡದ ಆಚೆ ಹೋಗೂಕೆ ದಾರಿ ಇದ್ಯಾ ಅಣ್ಣ?" ಎಂದು ನಿಂತು ಕೇಳಿದವರಿಗೆ ದಾರಿಯಷ್ಟೇ ಅಲ್ಲ, ಇವತ್ತಿನ ನೀರು ಹೇಗಿದೆ ಎನ್ನುವುದೂ ಸಿಗುತ್ತದೆ. ಯಾವ ಆ್ಯಪಿಗಿಂತಲೂ ಅದು ತಾಜಾ.

ಈಜಬೇಡಿ. ಒಬ್ಬರೇ ಇದ್ದಾಗ ಮೊಣಕಾಲಿಗಿಂತ ಮೇಲೆ ನೀರು ಬೇಡ. ದಡಕ್ಕೆ ಬಂದು ಬಿದ್ದ ನೀರೆಲ್ಲ ಒಂದು ಕಿರಿದಾದ ಓಣಿಯಲ್ಲಿ ಸೇರಿ ಹಿಂದಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ತೆರೆ ಮುರಿಯದೆ ನೀರು ಶಾಂತವಾಗಿ ಕಾಣುವುದರಿಂದ ಜನ ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ಎದುರಾಗಿ ಈಜದೆ, ತೇಲುತ್ತಾ ದಡಕ್ಕೆ ಸಮಾಂತರವಾಗಿ ಸರಿದು ಓಣಿಯಿಂದ ಹೊರಬರಬೇಕು. ಕೈ ಎತ್ತಿದರೆ ನೋಡುವವರು ಯಾರೂ ಇಲ್ಲದ ತೀರದಲ್ಲಿ ಈ ಸೂತ್ರವನ್ನು ಪರೀಕ್ಷಿಸುವ ಅಗತ್ಯ ಯಾರಿಗೂ ಇಲ್ಲ.

ದಿನದ ಕೊನೆಯ ಪ್ರಶ್ನೆ ನದಿ. ಶಿರಸಿ ಬಳಿ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಇಳಿದು ಬರುವ ಅಘನಾಶಿನಿಯ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿತು. ಕಡಲ ನೀರು ಉಬ್ಬರದ ಜೊತೆ ಒಳನಾಡಿಗೆ ನುಗ್ಗಿ ಇಳಿತಕ್ಕೆ ಹಿಂದೆ ಸರಿಯುವ ಈ ಅಗಲದ ಹಿನ್ನೀರಿನಲ್ಲೇ ಉಪ್ಪು ತಡೆಯುವ ಕಗ್ಗ ಭತ್ತದ ಗಜನಿ ಗದ್ದೆಗಳಿರುವುದು, ಸಾಣಿಕಟ್ಟೆಯ ಉಪ್ಪಿನ ಆಗರಗಳಿರುವುದು. ಇಳಿತದಲ್ಲಿ ಚಿಪ್ಪಿಕಲ್ಲು ಆರಿಸುವವರು ಸೊಂಟಮಟ್ಟ ನೀರಿನಲ್ಲಿ ನಿಂತಿರುವುದನ್ನು ಕಂಡು, ನದಿ ಆಳವಿಲ್ಲ ಎಂದುಕೊಂಡುಬಿಡುವ ಅಪಾಯವಿದೆ. ಅವರಿಗೆ ಕಾಲಿನಡಿಯ ಒಂದೊಂದು ದಿಬ್ಬವೂ ಗೊತ್ತು. ಅಳಿವೆಯ ಬಾಯಲ್ಲಿ ಇಳಿತದ ನೀರೂ ಹೊಳೆಯ ಹರಿವೂ ಒಟ್ಟಾಗಿ ಹೊರನುಗ್ಗಿ ಎದುರು ಬರುವ ತೆರೆಗೆ ಡಿಕ್ಕಿ ಹೊಡೆಯುತ್ತವೆ. ಅಲ್ಲಿಯ ತೆರೆ ಗಿಡ್ಡದಾದರೂ ಕಡಿದು.

ಮೊದಲ ದಿನವೇ ತದಡಿಗೆ ದಾಟಿಬಿಡುವ ಹಟವನ್ನು ಬಹಳ ಮಂದಿ ಮಾಡುತ್ತಾರೆ. ಬೇಡ. ನವೆಂಬರಿನಿಂದ ಜನವರಿಯವರೆಗೆ ಸಂಜೆ ಆರರಿಂದ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಕೊನೆಯ ದೋಣಿ ತಪ್ಪೀತು ಎಂಬ ಅವಸರದಲ್ಲೇ ಕಾಗಾಲದ ಉದ್ದನೆಯ ಮರಳದಂಡೆಯನ್ನು ಓಡುನಡಿಗೆಯಲ್ಲಿ ಮುಗಿಸಬೇಕಾಗುತ್ತದೆ, ಆಚೆ ದಡದಲ್ಲಿ ಕತ್ತಲಲ್ಲಿ ತಂಗುವ ಜಾಗ ಹುಡುಕಬೇಕಾಗುತ್ತದೆ. ನದಿಯ ಈಚೆಗೇ, ಕಾಗಾಲದಲ್ಲೋ ಅಘನಾಶಿನಿ ಊರಿನಲ್ಲೋ ನಿಲ್ಲುವುದೆಂದು ಮೊದಲೇ ತೀರ್ಮಾನಿಸಿದರೆ ಮೊದಲ ದಿನ ಹತ್ತು ಹದಿನೈದು ಕಿಲೋಮೀಟರಿಗೆ ಮುಗಿಯುತ್ತದೆ. ನಾಲ್ಕೂವರೆಯ ಹೊತ್ತಿಗೆ ಎಲ್ಲಿದ್ದೀರೋ ಅದರ ಹತ್ತಿರದ ಊರೇ ಆ ರಾತ್ರಿಯ ಊರು ಎನ್ನುವ ಕಟ್ಟಳೆ ಹಾಕಿಕೊಳ್ಳಿ.

ಒಂಟಿಯಾಗಿ ಹೋದವರಿಗೆ ಹೋಮ್‌ಸ್ಟೇ ಅಥವಾ ಊರೊಳಗಿನ ಕೋಣೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಟೆಂಟೇ ಬೇಕೆಂದರೆ ಊರವರನ್ನು ಕೇಳಿ, ಅರಣ್ಯ ಇಲಾಖೆಯ ಜಾಗವಾದರೆ ಅವರ ಒಪ್ಪಿಗೆ ಪಡೆದೇ ಹಾಕಬೇಕು. ಜಾಗ ಆರಿಸುವಾಗ ಸಂಜೆಯ ನೀರಿನ ಗೆರೆಯನ್ನು ನಂಬಬಾರದು. ಹುಣ್ಣಿಮೆಯ ಸಂಜೆ ಐದಕ್ಕೆ ಇಳಿತ. ಅದೇ ತೀರಕ್ಕೆ ರಾತ್ರಿ ಹನ್ನೊಂದಕ್ಕೆ, ನೀವು ಗಾಢ ನಿದ್ದೆಯಲ್ಲಿರುವಾಗ, ತಿಂಗಳ ದೊಡ್ಡ ಉಬ್ಬರಗಳಲ್ಲೊಂದು ಬರುತ್ತದೆ. ತೀರದ ಮೇಲ್ಭಾಗದಲ್ಲಿ ಕಡ್ಡಿ, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಬಾಟಲಿಗಳ ಗೆರೆಯೊಂದು ಬಿದ್ದಿರುತ್ತದೆ. ಅಂಥ ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಿ, ಅದಕ್ಕಿಂತಲೂ ಮೇಲೆ, ಬಳ್ಳಿ ಹಬ್ಬಿದ ಗಟ್ಟಿನೆಲದಲ್ಲಿ ಮಲಗಬೇಕು. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಈ ಜಿಲ್ಲೆಯ ತೀರಗಳಿಗೆ ಬರುತ್ತವೆ. ಬೆಂಕಿ, ಪ್ರಖರ ಟಾರ್ಚು ಅವುಗಳ ದಿಕ್ಕು ತಪ್ಪಿಸುತ್ತವೆ.

ಮಲಗುವ ಮೊದಲು ಉಳಿದ ಕೆಲಸ ಎರಡೇ. ಶೂ, ಸಾಕ್ಸನ್ನು ಸಿಹಿನೀರಿನಲ್ಲಿ ತೊಳೆದು ಗಾಳಿಗೆ ಹಾಕುವುದು. ಉಪ್ಪು ಉಳಿದರೆ ಬೆಳಿಗ್ಗೆಗೂ ಒಣಗುವುದಿಲ್ಲ, ಒಣಗಿದರೂ ಹಿಮ್ಮಡಿ ಉಜ್ಜುತ್ತದೆ. ಆಮೇಲೆ ದಕ್ಕೆಗೆ ಒಂದು ಸುತ್ತು ಹೋಗಿ, ಬೆಳಗಿನ ಮೊದಲ ದೋಣಿ ಎಷ್ಟೊತ್ತಿಗೆಂದು ಅಂಬಿಗರನ್ನೇ ಕೇಳಿ ಬರುವುದು. ಬೋರ್ಡಿನಲ್ಲಿ ಏನೇ ಬರೆದಿರಲಿ, ಅವರು ಹೇಳಿದ್ದೇ ಹೊತ್ತು.